ಲಂಕೆಯ ಬೆಟ್ಟ ಹತ್ತಲು ಡಿಸೆಂಬರ್ ಸರಿಯೇ?

ಪ್ರಶ್ನೆ: ನಾವು ಹಾಸನದವರು. ಕುಮಾರಪರ್ವತ, ಕುದುರೆಮುಖ ಎರಡೂ ಹತ್ತಿದ್ದೇವೆ. ಮಗಳಿಗೆ 12 ವರ್ಷ, ಅವಳೂ ಚೆನ್ನಾಗಿ ನಡೆಯುತ್ತಾಳೆ. ಡಿಸೆಂಬರ್ ಕೊನೆಯಲ್ಲಿ ಅವಳಿಗೆ ರಜೆ. ಆಗ 8 ದಿನ ಶ್ರೀಲಂಕಾಕ್ಕೆ ಹೋಗಿ ಶ್ರೀಪಾದ, ಹಾರ್ಟನ್ ಪ್ಲೇನ್ಸ್, ಎಲ್ಲ, ನಕಲ್ಸ್, ಸಿಂಹರಾಜ ಕಾಡು, ಈ ಐದನ್ನೂ ಮುಗಿಸುವ ಆಸೆ. ಜೊತೆಗೆ ಅತ್ತೆ ಬರುತ್ತಾರೆ, 64 ವರ್ಷ, ಮಂಡಿನೋವು ಇದೆ. ನಾವು ಸಸ್ಯಾಹಾರಿಗಳು. ಮಳೆ, ಇಂಬಳ, ಗೈಡ್, ಶೂ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ಹೋಗಬಹುದು. ಆದರೆ ಐದೂ ಆಗುವುದಿಲ್ಲ. ನಕಲ್ಸ್ ಈಗಲೇ ಕೈಬಿಡಿ. ಯಾಕೆ ಅಂತ ಹೇಳಬೇಕಾದರೆ ಮೊದಲು ಮಳೆಯ ಲೆಕ್ಕ ಹೇಳಬೇಕು. ಲಂಕೆಯ ಬೆಟ್ಟಗಳ ವಿಷಯದಲ್ಲಿ ನಮ್ಮವರು ಎಡವುವುದೇ ಅಲ್ಲಿ.

ನೀವು ಹಾಸನದವರಾದ್ದರಿಂದ ನನಗೆ ಸುಲಭವಾಯಿತು. ಜುಲೈನಲ್ಲಿ ಸಕಲೇಶಪುರದಲ್ಲಿ ಕೊಡೆ ಮಡಚುವ ಹಾಗಿಲ್ಲ. ಅದೇ ದಿನ ಅದೇ ಜಿಲ್ಲೆಯ ಅರಸೀಕೆರೆಯಲ್ಲಿ ಧೂಳು ಏಳುತ್ತಿರುತ್ತದೆ. ಘಟ್ಟ ಮೋಡವನ್ನು ತಡೆದು ತನ್ನ ಪಡುವಣ ಮಗ್ಗುಲಲ್ಲೇ ಹಿಂಡಿಬಿಡುತ್ತದೆ. ನಮ್ಮಲ್ಲಿ ಇದು ಬದಲಾಗುವುದಿಲ್ಲ. ಲಂಕೆಯಲ್ಲಿ ಬದಲಾಗುತ್ತದೆ. ಬೆಟ್ಟಗಳೆಲ್ಲ ದ್ವೀಪದ ನಡುವೆ, ತೆಂಕಣಕ್ಕೆ ಸ್ವಲ್ಪ ವಾಲಿಕೊಂಡು ನಿಂತಿವೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಬೀಸಿ ಸಿಂಹರಾಜ, ರತ್ನಪುರ, ಹಟ್ಟನ್, ಶ್ರೀಪಾದದ ಮಗ್ಗುಲನ್ನು ತೋಯಿಸುತ್ತದೆ. ಆಗ ಬೆಟ್ಟದ ಆ ಕಡೆ ಇರುವ ‘ಎಲ್ಲ’, ಬದುಳ್ಳ ಊರುಗಳು ಒಣಗಿರುತ್ತವೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತ. ಆಗ ಮೂಡಣ ಮಗ್ಗುಲಿಗೆ ಮಳೆ, ಪಡುವಣಕ್ಕೆ ಬಿಡುವು. ಅಂದರೆ ಅಲ್ಲಿ ಪ್ರತಿವರ್ಷ ಸಕಲೇಶಪುರವೂ ಅರಸೀಕೆರೆಯೂ ಜಾಗ ಅದಲುಬದಲು ಮಾಡಿಕೊಳ್ಳುತ್ತವೆ. ನಡುವೆ ಅಕ್ಟೋಬರ್-ನವೆಂಬರ್‌ನಲ್ಲಿ ಎರಡೂ ಕಡೆ ಗುಡುಗು ಮಳೆ. ನಮ್ಮ ದಸರಾ ರಜೆಗೆ ಲಂಕೆಯ ಬೆಟ್ಟ ಹತ್ತಲು ಹೊರಡುವವರನ್ನು ನಾನು ಯಾವಾಗಲೂ ತಡೆಯುತ್ತೇನೆ.

ಹಾಗಾಗಿ ಲಂಕೆಗೆ ಹೋಗಲು ಯಾವ ತಿಂಗಳು ಒಳ್ಳೆಯದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಈ ತಿಂಗಳು ಯಾವ ಮಗ್ಗುಲು ಅಂತ ಕೇಳಬೇಕು. ನಿಮ್ಮ ಡಿಸೆಂಬರ್ ಕೊನೆಗೆ ಪಡುವಣವೇ ವಾಸಿ. ನಕಲ್ಸ್ ಬೆಟ್ಟಸಾಲು ಈಶಾನ್ಯ ಮಾರುತಕ್ಕೆ ಎದೆ ಕೊಟ್ಟು ನಿಂತಿದೆ. ಆಗ ಅಲ್ಲಿ ಮಂಜು, ಜಾರುವ ಬಂಡೆ, ತುಂಬಿದ ಹಳ್ಳ. ದಾರಿ ತಪ್ಪುವುದೂ ಸುಲಭ. ಮಗಳನ್ನು ಕರೆದುಕೊಂಡು ಹೋಗುವ ಕಾಲವಲ್ಲ. ‘ಎಲ್ಲ’ ಅನ್ನುವ ಊರಲ್ಲೂ ಮಳೆ ಸಿಗಬಹುದು, ಆದರೆ ಅಲ್ಲಿನ ನಡಿಗೆ ಗಿಡ್ಡ. ಒಂದು ಬೆಳಗಿನ ಬಿಸಿಲು ಸಿಕ್ಕರೆ ಸಾಕು. ಅಂದಹಾಗೆ ಸಿಂಹಳದಲ್ಲಿ ‘ಎಲ್ಲ’ ಅಂದರೆ ಜಲಪಾತ. ನಿಮ್ಮ ಪಟ್ಟಿಯಲ್ಲಿ ಆ ಹೆಸರನ್ನು ನಾನು ಎರಡು ಸಲ ಓದಬೇಕಾಯಿತು.

ಫೆಬ್ರವರಿ, ಮಾರ್ಚ್ ಆಗಿದ್ದರೆ ಇನ್ನೂ ಚೆನ್ನಾಗಿತ್ತು. ಆದರೆ ಶಾಲೆ ಕೇಳಬೇಕಲ್ಲ. ಬೇಸಿಗೆ ರಜೆಗೆ ಮುಂದೂಡುವ ಯೋಚನೆ ಬಂದರೆ ಒಂದು ಮಾತು ನೆನಪಿಡಿ. ಏಪ್ರಿಲ್ 13-14ಕ್ಕೆ ಅಲ್ಲಿ ಸಿಂಹಳ-ತಮಿಳು ಹೊಸವರ್ಷ. ಆ ತಿಂಗಳು ಅರ್ಧ ದೇಶ ನುವರ ಎಲಿಯದಲ್ಲೇ ಇರುತ್ತದೆ. ರೂಮಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ.

ಇನ್ನೊಂದು ವಿಷಯ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಡಿದು ಈ ಬೆಟ್ಟಸೀಮೆಯಲ್ಲಿ ಗುಡ್ಡಗಳು ಕುಸಿದವು. ನೂರಾರು ಜನ ಸತ್ತರು. ಕ್ಯಾಂಡಿಯಿಂದ ಎಲ್ಲದ ಕಡೆಗೆ ಹೋಗುವ ಪ್ರಸಿದ್ಧ ರೈಲು ಮಾರ್ಗವೂ ಅಲ್ಲಲ್ಲಿ ಕಿತ್ತುಹೋಯಿತು. ಆದ್ದರಿಂದ ಹಳೆಯ ವಿಡಿಯೊ ನೋಡಿ ರೈಲಿನ ಕನಸು ಕಟ್ಟಬೇಡಿ. ನೀವು ಹೋಗುವ ವಾರ ಯಾವ ಊರಿನಿಂದ ಯಾವ ಊರಿಗೆ ರೈಲು ಓಡುತ್ತಿದೆ ಅಂತ ವಿಚಾರಿಸಿ, ಆಮೇಲೆ ರೂಮು ಬುಕ್ ಮಾಡಿ. ಭೂಕುಸಿತದ ಎಚ್ಚರಿಕೆ ಇರುವ ದಿನ ಬೆಟ್ಟದ ರಸ್ತೆಯಲ್ಲಿ ಪ್ರಯಾಣವೇ ಬೇಡ. ಸಂಪಾಜೆ, ಶಿರಾಡಿ ಘಾಟಿಗಳನ್ನು ಕಂಡ ನಿಮಗೆ ಜಾಸ್ತಿ ಹೇಳಬೇಕಿಲ್ಲ.

ಈಗ ದಾರಿ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ, ಸುಮಾರು ಒಂದೂವರೆ ಗಂಟೆ. ಹಾಸನದಿಂದ ಬೆಂಗಳೂರಿಗೆ ಬರಲೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಇಳಿದ ದಿನ ಕೊಲಂಬೊದಲ್ಲಿ ಉಳಿಯಬೇಡಿ. ವ್ಯಾನ್ ಮಾಡಿಕೊಂಡು ಸೀದಾ ಸಿಂಹರಾಜದ ಕುಡಾವ ಬಾಗಿಲಿನ ಹತ್ತಿರದ ಹಳ್ಳಿಗೆ ಹೋಗಿ. ಎರಡು ರಾತ್ರಿ ಅಲ್ಲಿ. ಆಮೇಲೆ ರತ್ನಪುರದ ಮೇಲೆ ಹಾದು ಶ್ರೀಪಾದದ ಬುಡದ ನಲ್ಲತಣ್ಣಿಗೆ, ಅಲ್ಲೂ ಎರಡು ರಾತ್ರಿ. ಮುಂದೆ ನುವರ ಎಲಿಯದಲ್ಲಿ ಎರಡು, ಕೊನೆಗೆ ಎಲ್ಲದಲ್ಲಿ ಒಂದು ರಾತ್ರಿ. ಎಂಟನೇ ದಿನ ಎಲ್ಲದಿಂದ ವಿಮಾನ ನಿಲ್ದಾಣಕ್ಕೆ ಐದಾರು ಗಂಟೆ ಹಿಡಿಯುತ್ತದೆ. ಹಾಗಾಗಿ ರಾತ್ರಿಯ ವಿಮಾನ ಇರಲಿ. ನಕ್ಷೆಯಲ್ಲಿ ಊರುಗಳು ಹತ್ತಿರ ಹತ್ತಿರ ಕಾಣುತ್ತವೆ. ಆದರೆ ಬೆಟ್ಟದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಹೋದರೆ ಅದೇ ದೊಡ್ಡದು.

ಸಿಂಹರಾಜವನ್ನು ಮೊದಲಿಗೆ ಇಟ್ಟಿದ್ದು ಬೇಕೆಂದೇ. ಅಲ್ಲಿ ಹತ್ತುವುದು ಜಾಸ್ತಿ ಇಲ್ಲ, ಕಾಲು ಪಳಗುತ್ತದೆ. ಕುಡಾವ ಕಡೆಯಿಂದ ಒಳಗೆ ಹೋಗುವ ಅಗಲವಾದ ದಾರಿ ಹಿಂದೆ ಮರದ ಲಾರಿಗಳು ಓಡಾಡಿದ ರಸ್ತೆ. 1970ರ ದಶಕದಲ್ಲಿ ಪ್ಲೈವುಡ್‌ಗಾಗಿ ಇಲ್ಲಿ ಯಂತ್ರ ಹಚ್ಚಿ ಮರ ಕಡಿದರು. ಜನ ಎದುರು ನಿಂತ ಮೇಲೆ ಅದು ನಿಂತಿತು. 1988ರಲ್ಲಿ ಕಾಡು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿನ ಮರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜಾತಿಗಳು ಲಂಕೆ ಬಿಟ್ಟು ಬೇರೆಲ್ಲೂ ಇಲ್ಲ. ಹಾಗಂತ ಕಾಡು ನಿಮಗೆ ಪರಕೀಯ ಅನ್ನಿಸುವುದೂ ಇಲ್ಲ. ಪಶ್ಚಿಮ ಘಟ್ಟವನ್ನೂ ಲಂಕೆಯನ್ನೂ ಸೇರಿಸಿ ಒಂದೇ ಜೀವವೈವಿಧ್ಯದ ತಾಣ ಅಂತ ವಿಜ್ಞಾನಿಗಳು ಎಣಿಸುತ್ತಾರೆ. ಬಿಸಿಲೆ ಕಾಡಿನಲ್ಲಿ ನಡೆದವರಿಗೆ ಸಿಂಹರಾಜ ದಾಯಾದಿಯ ಮನೆ ಹೊಕ್ಕಂತೆ. ಮುಖದ ಹೋಲಿಕೆ ಇದೆ, ಹೆಸರು ಮಾತ್ರ ಬೇರೆ.

ಅಲ್ಲಿ ಹಕ್ಕಿ ನೋಡುವುದಕ್ಕೆ ಒಂದು ಉಪಾಯವಿದೆ. ಒಂದೊಂದೇ ಹಕ್ಕಿ ಹುಡುಕಿಕೊಂಡು ಅಲೆಯಬೇಡಿ. ಸಿಂಹರಾಜದ ಹಕ್ಕಿಗಳು ಮದುವೆ ದಿಬ್ಬಣದ ಹಾಗೆ ಗುಂಪಾಗಿ ಸಾಗುತ್ತವೆ. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳ ಗಲಾಟೆ, ಜೊತೆಗೆ ಕಾಜಾಣ, ಹಿಂದೆ ಮುಂದೆ ಕೆಂಪು ಮೋರೆಯ ಮಲ್ಕೋಹ, ಅದೃಷ್ಟವಿದ್ದರೆ ಲಂಕೆಯ ನೀಲಿ ಮ್ಯಾಗ್‌ಪೈ. ಅರ್ಧ ಗಂಟೆ ಏನೂ ಇರುವುದಿಲ್ಲ. ಆಮೇಲೆ ಒಮ್ಮೆಲೇ ಇಡೀ ದಿಬ್ಬಣ ತಲೆಯ ಮೇಲಿಂದ ಹಾಯುತ್ತದೆ. ಒಂದು ಕಡೆ ಸುಮ್ನೆ ನಿಂತಿರಿ, ಮಗಳಿಗೆ ದುರ್ಬೀನು ಕೊಡಿ. ಇಲ್ಲಿ ಗೈಡ್ ಕಡ್ಡಾಯ. ಕಡ್ಡಾಯವಲ್ಲದಿದ್ದರೂ ನಾನು ಕರೆದುಕೊಂಡೇ ಹೋಗುತ್ತಿದ್ದೆ. ಎಲೆಯ ಮೇಲೆ ಎಲೆಯಂತೆಯೇ ಕೂತ ಹಲ್ಲಿಯನ್ನು ತೋರಿಸಲು ಆ ಊರಿನ ಕಣ್ಣೇ ಬೇಕು.

ಇಂಬಳದ ಪ್ರಶ್ನೆಯೂ ಇಲ್ಲೇ ಬರುತ್ತದೆ. ಸಿಂಹರಾಜಕ್ಕೆ ಪೂರಾ ಒಣಗಿದ ತಿಂಗಳು ಅಂತ ಇಲ್ಲ. ಹಾಗಾಗಿ ಇಂಬಳ ಇದ್ದೇ ಇರುತ್ತದೆ. ಪಾದದಿಂದ ಮಂಡಿಯವರೆಗೆ ಬರುವ ದಟ್ಟ ನೇಯ್ಗೆಯ ಬಟ್ಟೆಯ ಲೀಚ್ ಸಾಕ್ಸ್ ಹಾಕಿ, ಪ್ಯಾಂಟನ್ನು ಅದರೊಳಗೆ ಸೇರಿಸಿ ಕಟ್ಟಿ. ಮಾಮೂಲಿ ಕಾಲುಚೀಲದ ನೇಯ್ಗೆಯಲ್ಲಿ ಅದು ತೂರಿಕೊಂಡು ಬರುತ್ತದೆ. ಕಾಲುಚೀಲಕ್ಕೆ ಒದ್ದೆ ಸೋಪು ಉಜ್ಜುವುದು, ಹೊಗೆಸೊಪ್ಪಿನ ನೀರು ಹಚ್ಚುವುದು ಎಲ್ಲ ನಿಮ್ಮ ಕಡೆಯ ತೋಟದ ಆಳುಗಳಿಗೆ ಗೊತ್ತಿರುವ ವಿದ್ಯೆಯೇ. ಅಲ್ಲೂ ಅದೇ ನಡೆಯುತ್ತದೆ. ಕಚ್ಚಿದರೆ ಕಿತ್ತೆಸೆಯಬೇಡಿ. ಬಾಯಿ ಅಂಟಿದ ಜಾಗದ ಪಕ್ಕಕ್ಕೆ ಉಗುರು ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ತನ್ನ ಜೊಲ್ಲು ಸೇರಿಸಿರುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಸುರಿಯುತ್ತಲೇ ಇರುತ್ತದೆ. ಗಾಬರಿ ಬೇಡ. ಅತ್ತೆಯವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಮೊದಲೇ ಡಾಕ್ಟರ ಹತ್ತಿರ ಮಾತಾಡಿ.

ನನಗೆ ಇಂಬಳಕ್ಕಿಂತ ಹಾವಿನ ಚಿಂತೆ ಜಾಸ್ತಿ. ಅದೂ ನಾಗರಹಾವಲ್ಲ. ಮೂಗಿನ ತುದಿ ಮೇಲಕ್ಕೆ ಎದ್ದ, ಗೇಣುದ್ದಕ್ಕಿಂತ ಸ್ವಲ್ಪ ದೊಡ್ಡದಿರುವ, ತರಗೆಲೆ ಬಣ್ಣದ ಒಂದು ಗುಳಿಮಂಡಲ. ನಮ್ಮ ಘಟ್ಟದಲ್ಲೂ ಇದೆ. ಲಂಕೆಯಲ್ಲಿ ತುಂಬ ಜನರಿಗೆ ಕಚ್ಚುವ ಹಾವು ಇದೇ. ಭಾರತದಲ್ಲಿ ತಯಾರಾಗುವ ಮಾಮೂಲಿ ವಿಷಹಾರಿ ಚುಚ್ಚುಮದ್ದು ಇದಕ್ಕೆ ಹಿಡಿಯುವುದಿಲ್ಲ. ಮುಸ್ಸಂಜೆಯಲ್ಲಿ ಚಪ್ಪಲಿ ಹಾಕಿಕೊಂಡು ತೋಟದ ಹಾದಿಯಲ್ಲಿ ಓಡಾಡಬೇಡಿ. ಟಾರ್ಚ್ ಇರಲಿ. ದಾರಿಬದಿಯ ಎಲೆಯ ರಾಶಿಯ ಮೇಲೆ ಕೈ ಊರಿ ಕೂರಬೇಡಿ. ಇಷ್ಟು ಮಾಡಿದರೆ ಸಾಕು. ಮಲೇರಿಯಾದ ಭಯ ಬೇಡ, 2016ರಲ್ಲೇ ಲಂಕೆ ಮಲೇರಿಯಾ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ತಗ್ಗಿನ ಊರುಗಳಲ್ಲಿ ಡೆಂಗಿ ಇದೆ, ಹಗಲಿನಲ್ಲೂ ಸೊಳ್ಳೆಯ ಮುಲಾಮು ಹಚ್ಚಿಕೊಳ್ಳಿ.

ಇನ್ನು ಶ್ರೀಪಾದ. 2,243 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 300 ಮೀಟರ್ ಎತ್ತರ. ನಲ್ಲತಣ್ಣಿಯಿಂದ ಐದೂವರೆ ಕಿ.ಮೀ., ಮೆಟ್ಟಿಲು 5,500ರ ಆಸುಪಾಸು. ಡಿಸೆಂಬರ್‌ನ ಹುಣ್ಣಿಮೆಗೆ ಯಾತ್ರೆಯ ಕಾಲ ಶುರುವಾಗಿ ಮೇ ತಿಂಗಳ ವೇಸಾಕ್ ಹುಣ್ಣಿಮೆಗೆ ಮುಗಿಯುತ್ತದೆ. ನೀವು ಹೋಗುವ ಹೊತ್ತಿಗೆ ಬುಡದಿಂದ ತುದಿಯವರೆಗೆ ದೀಪ ಹಚ್ಚಿರುತ್ತಾರೆ. ರಾತ್ರಿ ಕೆಳಗಿನಿಂದ ನೋಡಿದರೆ ಆಕಾಶಕ್ಕೆ ದೀಪದ ಸರ ಇಳಿಬಿಟ್ಟಂತೆ ಕಾಣುತ್ತದೆ. ದಾರಿಯುದ್ದಕ್ಕೂ ಚಹಾದ ಅಂಗಡಿಗಳು. ಗೈಡ್ ಬೇಡವೇ ಬೇಡ.

ಇದನ್ನು ಟ್ರೆಕ್ಕಿಂಗ್ ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಇದು ಜಾತ್ರೆ. ತುದಿಯ ಬಂಡೆಯ ಮೇಲಿನ ಹೆಜ್ಜೆಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು. ಕೈಗೂಸಿನ ತಾಯಂದಿರು, ಕೋಲೂರಿದ ಅಜ್ಜಿಯರು ಬಿಳಿಬಟ್ಟೆಯಲ್ಲಿ ಹತ್ತುತ್ತಿರುತ್ತಾರೆ. ಇಳಿದು ಬರುವವರು ‘ಕರುಣಾವಯಿ’ ಅನ್ನುತ್ತಾರೆ, ನೀವೂ ಅನ್ನಿ. ಸೀತ ಗಂಗುಲ ಅನ್ನುವ ಹಳ್ಳ ಸಿಗುತ್ತದೆ. ‘ಸೀತ’ ಅಂದರೆ ನಮ್ಮ ಶೀತವೇ, ಕೈಯಿಟ್ಟರೆ ಗೊತ್ತಾಗುತ್ತದೆ. ಇಂದಿಕಟುಪಾನ ಅನ್ನುವ ಕಡೆ ಜನ ಸೂಜಿದಾರ ಅರ್ಪಿಸುತ್ತಾರೆ. ಬುದ್ಧ ಅಲ್ಲಿ ತನ್ನ ಹರಿದ ಬಟ್ಟೆ ಹೊಲಿದುಕೊಂಡ ಅನ್ನುವ ಕತೆಯಿದೆ. ತುದಿಯಲ್ಲಿ ಗಂಟೆ. ಎಷ್ಟನೇ ಸಲ ಹತ್ತಿದಿರೋ ಅಷ್ಟು ಸಲ ಬಾರಿಸಬೇಕು. ನಿಮ್ಮದು ಒಂದೇ ಸಲ!

ರಾತ್ರಿ ಎರಡು ಗಂಟೆಗೆ ಹೊರಡಿ. ಕೆಲವರು ಹುರುಪಿನಲ್ಲಿ ಹತ್ತೂವರೆಗೇ ಹೊರಟು ತುಂಬ ಮೊದಲೇ ಮೇಲೆ ಮುಟ್ಟಿ ಗಾಳಿಗೆ ಗಡಗಡ ನಡುಗುತ್ತ ಕೂರುತ್ತಾರೆ. ಸೂರ್ಯ ಬರುವುದು ಆರೂಕಾಲರ ಮೇಲೆ. ಹತ್ತುವಾಗ ಬೆವರಿದ ಬನಿಯನ್ ತುದಿಯ ಹತ್ತಿರ ಬದಲಾಯಿಸಿ, ಸ್ವೆಟರ್ ಹಾಕಿಕೊಳ್ಳಿ. ಮೇಲಿನ ಅಂಗಳದಲ್ಲಿ ಶೂ ಬಿಚ್ಚಬೇಕು, ಇನ್ನೊಂದು ಜೊತೆ ದಪ್ಪ ಕಾಲುಚೀಲ ಇರಲಿ. ಮುಖ್ಯವಾದ ಮಾತು ಇದು: ಸೂರ್ಯ ಹುಟ್ಟಿದ ಕೂಡಲೇ ಬೆನ್ನು ತಿರುಗಿಸಿ. ಪಡುವಣದ ಕಣಿವೆಯ ಮೇಲೆ ಬೆಟ್ಟದ ನೆರಳು ಗೆರೆ ಕೊರೆದಂಥ ತ್ರಿಕೋನವಾಗಿ ಬಿದ್ದಿರುತ್ತದೆ. ಕೆಲವೇ ನಿಮಿಷ. ಎಲ್ಲರೂ ಮೂಡಣಕ್ಕೆ ಮೊಬೈಲ್ ಹಿಡಿದು ನಿಂತಿರುವಾಗ ಇದು ಬಂದು ಹೋಗುತ್ತದೆ.

ಅತ್ತೆಯವರು ಇದಕ್ಕೆ ಬೇಡ. ಹತ್ತುವುದು ಉಸಿರಿನ ಕೆಲಸ, ಅಜ್ಜಿಯರೂ ಮಾಡುತ್ತಾರೆ. ಇಳಿಯುವುದು ಮಂಡಿಯ ಕೆಲಸ. 5,500 ಮೆಟ್ಟಿಲಿಗೆ ಮಂಡಿ ಕೊಡುವಾಗ ನಮ್ಮಂಥ ಗಟ್ಟಿಗರೇ ಮರುದಿನ ಗೋಡೆ ಹಿಡಿದು ನಡೆಯುತ್ತೇವೆ. ನಲ್ಲತಣ್ಣಿಯಲ್ಲಿ ಎರಡನೇ ರಾತ್ರಿ ಇಟ್ಟಿದ್ದು ಅದಕ್ಕೇ. ಶನಿವಾರ, ಭಾನುವಾರ, ಪೋಯ ಅಂದರೆ ಹುಣ್ಣಿಮೆಯ ದಿನ ತಪ್ಪಿಸಿ. ಆ ದಿನಗಳಲ್ಲಿ ಮೆಟ್ಟಿಲ ಮೇಲೆ ಗಂಟೆಗಟ್ಟಲೆ ಕ್ಯೂ ನಿಲ್ಲುತ್ತದೆ, ಸೂರ್ಯೋದಯ ದಾರಿಯಲ್ಲೇ ಆಗಿಹೋಗುತ್ತದೆ.

ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನ ನನ್ನ ಮೆಚ್ಚಿನ ಜಾಗ. ಅಲ್ಲೇ ನಾನು ಮೊದಲ ಸಲ ಮೋಸಹೋದದ್ದು. ಲಾಡ್ಜಿನವರು ‘ತಿಂಡಿ ತಿಂದು ನಿಧಾನಕ್ಕೆ ಹೋಗಿ’ ಅಂದರು. ನಂಬಿದೆ. ವರ್ಲ್ಡ್ಸ್ ಎಂಡ್ ಅಂಚಿಗೆ ಹತ್ತೂವರೆಗೆ ಮುಟ್ಟಿದೆ. ಎದುರಿಗೆ ಸುಮಾರು 870 ಮೀಟರ್ ಆಳದ ಪ್ರಪಾತ ಇರಬೇಕಿತ್ತು. ಇದ್ದದ್ದು ಸುಣ್ಣ ಬಳಿದ ಗೋಡೆಯಂಥ ಮಂಜು. ಅರ್ಧ ಗಂಟೆ ಕಾದೆ, ಬಿಸ್ಕತ್ತು ತಿಂದೆ, ವಾಪಸ್ ಬಂದೆ. ತಗ್ಗಿನ ಬಿಸಿಗಾಳಿ ಮೇಲೇರಿ ಬಂದು ಒಂಬತ್ತರಿಂದ ಹತ್ತರೊಳಗೆ ಅಂಚನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಬೆಳಿಗ್ಗೆ ಆರಕ್ಕೆ ಗೇಟು ತೆಗೆಯುವಾಗ ನೀವು ಅಲ್ಲಿರಬೇಕು. ನುವರ ಎಲಿಯದಿಂದ ನಾಲ್ಕೂವರೆಗೆ ಹೊರಡಿ, ಬುತ್ತಿ ಕಟ್ಟಿಸಿಕೊಳ್ಳಿ. ಒಂಬತ್ತು ಕಿ.ಮೀ. ಚಿಲ್ಲರೆಯ ಸುತ್ತು ಅದು. ಮೊದಲು ವರ್ಲ್ಡ್ಸ್ ಎಂಡ್ ಕಡೆಗೆ ತಿರುಗಿ, ಬೇಕರ್ಸ್ ಜಲಪಾತ ಬರುವಾಗ ನೋಡಿ. ಜಲಪಾತ ಮಂಜಿನಲ್ಲೂ ಚೆಂದವೇ.

ನೆಲ ಬಹುತೇಕ ಸಮ. ಆದರೆ 2,100 ಮೀಟರ್ ಎತ್ತರದಲ್ಲಿದ್ದೀರಿ, ಬೆಳಗಿನ ಚಳಿ ಮೂಳೆಗೆ ಇಳಿಯುತ್ತದೆ. ನೋಡಲು ಕುದುರೆಮುಖದ ಹಾಗೆಯೇ, ಹುಲ್ಲುಗಾವಲು, ಮಡಿಕೆಗಳಲ್ಲಿ ಶೋಲಾ ಕಾಡು. ಮರಗಳ ತಲೆ ಮಾತ್ರ ಕೊಡೆ ಬಿಚ್ಚಿದಂತೆ ಚಪ್ಪಟೆ. ನಮ್ಮ ನೀಲಕುರಿಂಜಿಯ ಸಂಬಂಧಿಗಳು ಅಲ್ಲಿ ‘ನೆಲು’ ಅನ್ನುವ ಹೆಸರಲ್ಲಿವೆ, ಅವೂ ಹಲವು ವರ್ಷಕ್ಕೊಮ್ಮೆ ಒಟ್ಟಿಗೇ ಹೂಬಿಡುತ್ತವೆ. ಮಹಾವೇಲಿ, ಕೆಲಣಿ, ವಳವೆ ಮೂರೂ ನದಿಗಳ ತಲೆನೀರು ಇಲ್ಲಿಂದಲೇ. ಗೇಟಿನಲ್ಲಿ ಚೀಲ ಬಿಚ್ಚಿ ಪ್ಲಾಸ್ಟಿಕ್ ತೆಗೆಸುತ್ತಾರೆ, ಬಾಟಲಿಯ ಮೇಲಿನ ಲೇಬಲನ್ನೂ ಬಿಡುವುದಿಲ್ಲ. ಸಿಡುಕಬೇಡಿ. ಅಲ್ಲಿನ ಕಡವೆಗಳು ಜನರ ಹತ್ತಿರವೇ ಬಂದು ಕಸ ಮೂಸುತ್ತವೆ. ತಿಂಡಿ ಕೊಡಬೇಡಿ ಅಂತ ಮಗಳಿಗೆ ಮೊದಲೇ ಹೇಳಿಡಿ.

ಆ ಬೆಳಿಗ್ಗೆ ಅತ್ತೆಯವರು ಮಲಗಿರಲಿ. ಮಧ್ಯಾಹ್ನ ಎಲ್ಲರೂ ಸೇರಿ ಹಕ್ಗಲ ಸಸ್ಯತೋಟ ನೋಡಬಹುದು. ಮರುದಿನ ಎಲ್ಲಕ್ಕೆ ಹೋಗುವ ದಾರಿಯಲ್ಲಿ ಹಪುತಳೆಯ ಹತ್ತಿರ ಲಿಪ್ಟನ್ಸ್ ಸೀಟ್ ಇದೆ. ನೀವು ಮೂವರು ದಂಬತೆನ್ನೆ ಫ್ಯಾಕ್ಟರಿಯಿಂದ ಏಳು ಕಿ.ಮೀ. ಟೀ ತೋಟದಲ್ಲಿ ನಡೆಯಿರಿ, ಅವರು ಆಟೊದಲ್ಲಿ ಬರಲಿ. ಎಲ್ಲರಿಗೂ ಸಿಗುವ ನೋಟ ಒಂದೇ. ಹಾಸನದವರಿಗೆ ಈ ತೋಟಗಳಲ್ಲಿ ಇನ್ನೊಂದು ಕತೆಯೂ ಇದೆ. ಇವು ಮೊದಲು ಕಾಫಿಯ ಬೆಟ್ಟಗಳು. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ಮುಂದಿನ ವರ್ಷಗಳಲ್ಲಿ ಕಾಫಿಯನ್ನೇ ಗುಡಿಸಿ ಹಾಕಿತು, ಆ ಜಾಗಕ್ಕೆ ಟೀ ಬಂತು. ಅದೇ ರೋಗ ನಮ್ಮ ಅರೇಬಿಕಾವನ್ನು ಈಗಲೂ ಕಾಡುತ್ತಿದೆ, ಅಲ್ವಾ?

ಎಲ್ಲದಲ್ಲಿ ಲಿಟಲ್ ಆಡಮ್ಸ್ ಪೀಕ್ ಸಾಕು, 1,141 ಮೀಟರ್. ಕೊನೆಯ ಮೆಟ್ಟಿಲುಗಳನ್ನು ಬಿಟ್ಟರೆ ಅತ್ತೆಯವರೂ ಬಹುಪಾಲು ಬರಬಲ್ಲರು. ಎಲ್ಲ ರಾಕ್ ಬೇಡ ಅನ್ನುತ್ತೇನೆ. ಅದಕ್ಕೆ ರೈಲು ಹಳಿಯ ಮೇಲೆ ನಡೆದು ಹೋಗಬೇಕು, ಆಮೇಲೆ ಕವಲುದಾರಿಗಳ ಗೊಂದಲ. ಒಂಬತ್ತು ಕಮಾನಿನ ಸೇತುವೆ ನೋಡಿ. 1921ರದ್ದು, ಕಬ್ಬಿಣ ಹಾಕದೆ ಕಲ್ಲು, ಇಟ್ಟಿಗೆ, ಸಿಮೆಂಟಿನಲ್ಲೇ ಕಟ್ಟಿದ್ದು. ರೈಲಿನ ಬಾಗಿಲಲ್ಲಿ ನೇತಾಡಿ ಫೋಟೊ ತೆಗೆಸಿಕೊಳ್ಳುವ ಹುಚ್ಚು ಮಾತ್ರ ಬೇಡ. ಅದರಲ್ಲಿ ಜೀವ ಹೋದವರಿದ್ದಾರೆ.

ಊಟದ ಬಗ್ಗೆ ಚಿಂತೆ ಕಡಿಮೆ, ಎಚ್ಚರ ಜಾಸ್ತಿ ಇರಲಿ. ಅಲ್ಲಿನ ಇಡಿಯಪ್ಪ ನಮ್ಮ ಒತ್ತು ಶ್ಯಾವಿಗೆಯೇ. ಪರಿಪ್ಪು ಅಂದರೆ ಕಾಯಿಹಾಲಿನ ತೊವ್ವೆ. ಹಲಸಿನಕಾಯಿ ಪಲ್ಯವಂತೂ ಮಲೆನಾಡಿನವರಿಗೆ ಹಬ್ಬ. ತೊಂದರೆ ಇರುವುದು ಪೊಲ್ ಸಾಂಬೋಲದಲ್ಲಿ. ನೋಡಿದರೆ ಕಾಯಿಚಟ್ನಿ, ಒಳಗೆ ಒಣಮೀನಿನ ಪುಡಿ ಇರಬಹುದು. ಪ್ರತಿ ಸಲ ಕೇಳಿ. ಟೀ ತೋಟದ ಸೀಮೆಯಲ್ಲಿ ತಮಿಳರು ತುಂಬ ಇದ್ದಾರೆ. ಇವರ ಹಿರಿಯರನ್ನು ಬ್ರಿಟಿಷರು ತೋಟದ ಕೆಲಸಕ್ಕೆ ತಮಿಳುನಾಡಿನ ಕಡೆಯಿಂದ ಕರೆತಂದಿದ್ದರು. ನಿಮ್ಮ ಹರಕು ಮುರುಕು ತಮಿಳು ಅಲ್ಲಿ ಇಂಗ್ಲಿಷ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ. ‘ಸೈವಂ’ ಅಂದರೆ ಸಾಕು, ಅರ್ಥವಾಗುತ್ತದೆ. ವೀಸಾದ ನಿಯಮ, ಶುಲ್ಕ ಆಗಾಗ ಬದಲಾಗುತ್ತಿವೆ. ಅಲ್ಲಿನ ಸರ್ಕಾರದ ಜಾಲತಾಣದಲ್ಲೇ ನೋಡಿ, ನಡುವಿನವರಿಗೆ ದುಡ್ಡು ಕೊಡಬೇಡಿ. ಪಾಸ್‌ಪೋರ್ಟ್ ಸದಾ ಜೊತೆಗಿರಲಿ, ಸಾರ್ಕ್ ದೇಶದವರಿಗೆ ಕೆಲವು ಕಡೆ ಟಿಕೆಟ್ ಅಗ್ಗ.

ಕೊನೆಗೆ ಶೂ. ಹೊಸದು ಕೊಂಡರೆ ಈ ತಿಂಗಳೇ ಕೊಂಡು ಹಾಸನದ ಬೀದಿಯಲ್ಲಿ ಹಾಕಿ ಸವೆಸಿ. ಅಡಿಯಲ್ಲಿ ಹಲ್ಲು ಆಳವಾಗಿರಲಿ, ನೀರು ಹೊಕ್ಕರೂ ಬೇಗ ಒಣಗುವಂಥದ್ದಿರಲಿ. ನೀರೇ ಹೊಗದ ದುಬಾರಿ ಶೂ ಅಲ್ಲಿ ಪ್ರಯೋಜನವಿಲ್ಲ. ಮೇಲಿನಿಂದ ಒಳಗೆ ಇಳಿದ ಮಳೆ ಹೊರಗೂ ಹೋಗುವುದಿಲ್ಲ. ರಾತ್ರಿ ಒಳಗೆ ಹಳೆಯ ಪೇಪರ್ ತುರುಕಿಡಿ. ರೇನ್‌ಕೋಟಿನ ಜೊತೆಗೆ ಒಂದು ಮಾಮೂಲಿ ಕೊಡೆಯೂ ಬರಲಿ. ಶ್ರೀಪಾದದ ಮೆಟ್ಟಿಲು ಇಳಿಯುವಾಗ ಅದೇ ಊರುಗೋಲು.